ಮನೋವ್ರಣ ಚಿಕಿತ್ಸೆಯ ಎರಡು ರೂಪಕಗಳು

೧

ಯುದ್ಧ, ಅಪಘಾತ, ಬಲಾತ್ಕಾರ, ಬಾಲ್ಯದಲ್ಲಿ ಮನೆಯವರಿಂದಲೇ ಒದಗಿದ ಹಿಂಸೆ ಮೊದಲಾದವುಗಳಿಂದ ಮನಸ್ಸಿಗೆ ತಗಲುವ ಗಾಯವನ್ನು ಪಾಶ್ಚಾತ್ಯ ವೈದ್ಯರು ಟ್ರಾಮ ಎಂದು ಕರೆಯುತ್ತಾರೆ. ಗ್ರೀಕ್ ಭಾಷೆಯಲ್ಲಿ ಈ ಶಬ್ದಕ್ಕೆ ಗಾಯವೆಂದೇ ಅರ್ಥ. ಪ್ರಕೃತ ಲೇಖನದಲ್ಲಿ ಇದನ್ನು ‘ಮನೋವ್ರಣ’ ಎಂಬ ಹೆಸರಿನಿಂದ ವ್ಯವಹರಿಸುವೆವು. ಇದರ ಚಿಕಿತ್ಸೆಯನ್ನು ಕುರಿತು ಈಚಿನ ದಶಕಗಳಲ್ಲಿ ಅಮೆರಿಕದಲ್ಲಿ ಹೊರಬಂದ ಗ್ರಂಥಗಳ ಪೈಕಿ ಎರಡು ವಿಶೇಷ ಪ್ರಚಾರಕ್ಕೆ ಬಂದಿವೆ. ಒಂದು, ರಿಚರ್ಡ್ ಷ್ವಾರ್ಟ್ಸ್ ಅವರು ೧೯೯೫ರಲ್ಲಿ ಪ್ರಕಟಿಸಿದ ‘ಇಂಟರ್ನಲ್ ಫ್ಯಾಮಿಲಿ ಸಿಸ್ಟಮ್ಸ್ ಥೆರಪಿ’. ಇನ್ನೊಂದು, ಬೆಸೆಲ್ ವ್ಯಾನ್ ಡರ್ ಕೋಲ್ಕ್ ಅವರು ೨೦೧೪ರಲ್ಲಿ ಪ್ರಕಟಿಸಿದ ‘ದ ಬಾಡಿ ಕೀಪ್ಸ್ ದ ಸ್ಕೋರ್’. ಮನಸ್ಸು ಒಂದು ಕುಟುಂಬವೆಂಬುದು ಮೊದಲನೆಯ ಗ್ರಂಥದ ಮತ. ದೇಹವು ಲೆಕ್ಕವನ್ನಿಡುತ್ತದೆಂಬುದು ಎರಡನೆಯ ಗ್ರಂಥದ ಮತ.

ಆಲಂಕಾರಿಕರ ಪರಿಭಾಷೆಯಲ್ಲಿ ಹೇಳುವುದಾದರೆ ಇವೆರಡೂ ರೂಪಕಗಳು. ಮುಖವೇ ಚಂದ್ರನೆಂದಾಗ, ಮುಖಕ್ಕೂ ಚಂದ್ರನಿಗೂ ಇರುವ ಭೇದವನ್ನು ಬಲ್ಲವನೇ ಅಭೇದವನ್ನು ಆರೋಪಿಸುತ್ತಾನೆ. ಆ ಭೇದಜ್ಞಾನವು ಅಳಿದರೆ ರೂಪಕವು ಭ್ರಾಂತಿಯಾಗುತ್ತದೆ. ಕಾವ್ಯದಲ್ಲಿ ಇದರಿಂದ ಕೆಡುವುದು ರಸಾಸ್ವಾದ ಮಾತ್ರ. ಚಿಕಿತ್ಸೆಯಲ್ಲಿ ಕೆಡುವುದು ಒಬ್ಬ ದುಃಖಿಯ ಬಾಳು. ಆದುದರಿಂದ ಈ ಎರಡು ರೂಪಕಗಳು ಯಾವ ಕಾರ್ಯವನ್ನು ಮಾಡುತ್ತವೆ, ಎಲ್ಲಿ ತಮ್ಮ ಎಲ್ಲೆಯನ್ನು ಮೀರುತ್ತವೆ ಎಂಬುದನ್ನು ಪರಿಶೀಲಿಸುವುದು ಅವಶ್ಯಕವೆಂದು ತೋರುತ್ತದೆ.

೨

ಈ ಎರಡು ಭಾವನೆಗಳಿಗೂ ಪೂರ್ವಚರಿತ್ರೆಯುಂಟು. ಫ್ರಾನ್ಸ್ ದೇಶದ ಪಿಯೆರ್ ಜಾನೆ (೧೮೫೯–೧೯೪೭) ಎಂಬ ವಿದ್ವಾಂಸರು ೧೮೮೯ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಮನಸ್ಸಿನ ಒಂದು ಭಾಗವು ಉಳಿದುದರಿಂದ ಬೇರ್ಪಟ್ಟು, ರೋಗಿಗೆ ಅರಿವಿಲ್ಲದೆಯೇ ಆತನ ನಡೆಯನ್ನು ಆಳಬಲ್ಲುದೆಂದು ಪ್ರತಿಪಾದಿಸಿದರು. ಸಹಜವಾದ ಸ್ಮೃತಿಯೆಂಬುದು ನಡೆದುದನ್ನು ಕಥೆಯಾಗಿ ಹೇಳಿಕೊಳ್ಳುವ ಒಂದು ಕ್ರಿಯೆ. ದುಸ್ಸಹವಾದ ಅನುಭವವು ಹಾಗೆ ಕಥೆಯಾಗಲಾರದೆ, ಮತ್ತೆ ಮತ್ತೆ ಅಭಿನಯವಾಗುತ್ತಿರುತ್ತದೆ ಎಂಬುದು ಅವರ ಮತದ ಸಾರ. ಫ್ರಾಯ್ಡ್ ಅವರ ಕೀರ್ತಿಯ ನೆರಳಿನಲ್ಲಿ ಜಾನೆಯವರ ಹೆಸರು ಬಹುಕಾಲ ಮಸುಕಾಗಿದ್ದಿತು.

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಮೈಯರ್ಸ್ ಅವರು, ಶರೀರದಲ್ಲಿ ಗಾಯವಿಲ್ಲದೆಯೂ ಮೂಕರಾದ, ನಡುಗುವ, ಕಣ್ಣು ಕಾಣದಂತಾದ ಸೈನಿಕರನ್ನು ಪರೀಕ್ಷಿಸಿದರು. ೧೯೧೫ರಲ್ಲಿ ‘ಷೆಲ್ ಷಾಕ್’ ಎಂಬ ಪದವನ್ನು ವೈದ್ಯಪತ್ರಿಕೆಯಲ್ಲಿ ಬಳಕೆಗೆ ತಂದವರು ಅವರೇ. ಇಂತಹ ಸೈನಿಕನಲ್ಲಿ ಮೇಲುನೋಟಕ್ಕೆ ಸಹಜವಾದ ಒಂದು ವ್ಯಕ್ತಿತ್ವ, ಭಯದಲ್ಲಿಯೇ ಸಿಕ್ಕಿಬಿದ್ದ ಮತ್ತೊಂದು ವ್ಯಕ್ತಿತ್ವ ಎಂದು ಎರಡನ್ನು ಕಾಣಬಹುದೆಂದು ೧೯೪೦ರ ತಮ್ಮ ಗ್ರಂಥದಲ್ಲಿ ಬರೆದರು. ವಿಯಟ್ನಾಂ ಯುದ್ಧದಿಂದ ಮರಳಿದ ಸೈನಿಕರ ಸಂಕಟವು ಕಣ್ಣಿಗೆ ಬಿದ್ದ ಮೇಲೆ, ೧೯೮೦ರಲ್ಲಿ ಅಮೆರಿಕದ ಮನೋವೈದ್ಯಸಂಘವು ತನ್ನ ರೋಗನಿರ್ಣಯ ಕೈಪಿಡಿಯ ಮೂರನೆಯ ಆವೃತ್ತಿಯಲ್ಲಿ ಈ ವ್ಯಾಧಿಗೆ ಸ್ಥಾನವನ್ನು ಕೊಟ್ಟಿತು. ಷ್ವಾರ್ಟ್ಸ್ ಮತ್ತು ವ್ಯಾನ್ ಡರ್ ಕೋಲ್ಕ್ ಅವರು ಬಿತ್ತಿದುದು ಹೀಗೆ ಹದವಾಗಿದ್ದ ನೆಲದಲ್ಲಿ.

೩

ಷ್ವಾರ್ಟ್ಸ್ ಅವರು ಮೊದಲು ಕುಟುಂಬಗಳಿಗೆ ಚಿಕಿತ್ಸೆ ಮಾಡುತ್ತಿದ್ದವರು. ೧೯೮೦ರ ದಶಕದಲ್ಲಿ, ಮಿತಿಮೀರಿ ತಿಂದು ಅನಂತರ ಕಕ್ಕುವ ವ್ಯಾಧಿಗೆ ತುತ್ತಾದ ತರುಣಿಯರು ತಮ್ಮ ಒಳಗಿನ ಒಂದು ಪಾಲು ಹೀಗೆನ್ನುತ್ತದೆ, ಮತ್ತೊಂದು ಪಾಲು ಹಾಗೆನ್ನುತ್ತದೆ ಎಂದು ಹೇಳುತ್ತಿದ್ದುದನ್ನು ಅವರು ಗಮನಿಸಿದರು. ತನ್ನ ಮೈಯನ್ನು ತಾನೇ ಕೊಯ್ದುಕೊಳ್ಳುತ್ತಿದ್ದ ಒಬ್ಬ ರೋಗಿಯ ವಿಷಯದಲ್ಲಿ, ಹಾಗೆ ಮಾಡಿಸುವ ಪಾಲನ್ನು ಹಟದಿಂದ ಬಗ್ಗಿಸಲು ಹೋದಾಗ, ಆಕೆ ಮುಂದಿನ ಸಲ ಮುಖದ ಮೇಲೆಯೇ ಗಾಯಮಾಡಿಕೊಂಡು ಬಂದಳೆಂದು ಅವರು ತಾವೇ ಹೇಳಿಕೊಂಡಿದ್ದಾರೆ. ಆಗ ಅವರು ಹಟವನ್ನು ಬಿಟ್ಟು, ಆ ಪಾಲನ್ನೇ ಮರ್ಯಾದೆಯಿಂದ ‘ಏಕೆ ಹೀಗೆ ಮಾಡುವೆ?’ ಎಂದು ಕೇಳತೊಡಗಿದರು. ಅವರ ಪದ್ಧತಿಯ ಮೂಲವು ಈ ಸೋಲಿನಲ್ಲಿದೆ; ಅದನ್ನು ಮುಚ್ಚಿಡದಿರುವುದು ಗ್ರಂಥಕರ್ತರಿಗೆ ಭೂಷಣ.

ಅವರು ಮಾಡಿದ ವಿಭಾಗವು ಇಂತಿದೆ. ಭಯ, ನಾಚಿಕೆ, ಅನಾಥಭಾವಗಳನ್ನು ಹೊತ್ತು, ಒಳಮನೆಯಿಂದ ಹೊರದೂಡಲ್ಪಟ್ಟ ಪಾಲುಗಳು ಬಹಿಷ್ಕೃತರು. ಅವರು ಮತ್ತೆ ತಲೆಯೆತ್ತದಂತೆ ದಿನದ ಬಾಳನ್ನು ಬಿಗಿಯಾಗಿ ನಡೆಸುವವರು ಪಾರುಪತ್ಯಗಾರರು. ಹಾಗಿದ್ದರೂ ಹಳೆಯ ನೋವು ಉಕ್ಕಿಬಂದಾಗ ಮದ್ಯದಿಂದಲೋ, ತಿನಿಸಿನಿಂದಲೋ, ಕೋಪದಿಂದಲೋ ಅದನ್ನು ಒಡನೆಯೇ ನಂದಿಸಲು ಧಾವಿಸುವವರು ಬೆಂಕಿಯಾರಿಸುವವರು. ಇವರೆಲ್ಲರ ಹಿಂದೆ ಶಾಂತಿ, ಕುತೂಹಲ, ಕರುಣೆ, ಧೈರ್ಯ ಮೊದಲಾದ ಗುಣಗಳಿಂದ ಕೂಡಿದ ‘ಸ್ವ’ ಎಂಬುದೊಂದಿದೆ; ಅದು ಯಾವ ಆಘಾತದಿಂದಲೂ ಕೆಡತಕ್ಕದ್ದಲ್ಲ. ರೋಗಿಯು ಈ ಸ್ವದ ನೆಲೆಯಿಂದ ಒಂದೊಂದು ಪಾಲಿನ ಮಾತನ್ನೂ ಕೇಳಿ, ಅದರ ಒಪ್ಪಿಗೆಯನ್ನು ಪಡೆದು, ಹೊತ್ತ ಹೊರೆಯನ್ನು ಇಳಿಸುವುದೇ ಚಿಕಿತ್ಸೆ.

ಇದರ ಮುಖ್ಯವಾದ ಗುಣವೆಂದರೆ ರೋಗಿಯ ಆತ್ಮನಿಂದೆಯನ್ನು ಸಡಿಲಿಸುವುದು. ಬಾಲ್ಯದಲ್ಲಿ ದಿನವೂ ಪೆಟ್ಟುತಿಂದು ಬೆಳೆದವನು ಪ್ರಾಯದಲ್ಲಿ ಕುಡಿತಕ್ಕೆ ಬಿದ್ದರೆ, ‘ನಾನು ನೀಚ’ ಎಂದುಕೊಳ್ಳುತ್ತಾನೆ. ‘ನನ್ನ ಒಂದು ಪಾಲು ಒಳಗಿನ ಬೆಂಕಿಯನ್ನು ಆರಿಸಲು ತನಗೆ ತಿಳಿದ ಒಂದೇ ನೀರನ್ನು ಸುರಿಯುತ್ತಿದೆ’ ಎಂದುಕೊಂಡಾಗ, ದೋಷವು ದೋಷವಾಗಿಯೇ ಉಳಿದರೂ ಅದನ್ನು ಕಣ್ಣೆತ್ತಿ ನೋಡುವ ಶಕ್ತಿಯು ಆತನಿಗೆ ಬರುತ್ತದೆ. ರೂಪಕದಿಂದ ಆಗಬೇಕಾದ ಉಪಕಾರವು ಇದೇ.

೪

ದೇಹವನ್ನು ಆಶ್ರಯಿಸಿದ ಪದ್ಧತಿಗಳು ಬೇರೊಂದು ಕಡೆಯಿಂದ ಹೊರಡುತ್ತವೆ. ಪೀಟರ್ ಲೆವಿನ್ ಅವರು ೧೯೯೭ರ ‘ವೇಕಿಂಗ್ ದ ಟೈಗರ್’ ಎಂಬ ಗ್ರಂಥದಲ್ಲಿ, ಬೇಟೆಗೆ ಸಿಕ್ಕಿ ಪಾರಾದ ಕಾಡುಮೃಗವು ನಡುಗಿ, ಕೊಡವಿಕೊಂಡು ತನ್ನ ದಾರಿಯನ್ನು ಹಿಡಿಯುತ್ತದೆ. ಮನುಷ್ಯನು ಆ ನಡುಕವನ್ನು ತಡೆಹಿಡಿದು ವ್ಯಾಧಿಯನ್ನು ತಂದುಕೊಳ್ಳುತ್ತಾನೆ ಎಂದು ವಾದಿಸಿದರು. ನಡೆದುದನ್ನೆಲ್ಲ ಒಮ್ಮೆಗೇ ಹೇಳಿಸದೆ, ಹನಿಹನಿಯಾಗಿ ಅನುಭವಕ್ಕೆ ತಂದು, ಕ್ಲೇಶದಿಂದ ನೆಮ್ಮದಿಗೂ ನೆಮ್ಮದಿಯಿಂದ ಕ್ಲೇಶಕ್ಕೂ ಮೈಯ ಗಮನವನ್ನು ತೂಗಿಸುವುದು ಅವರ ಕ್ರಮ. ನೆದರ್ಲೆಂಡ್ಸ್‌ನಲ್ಲಿ ಹುಟ್ಟಿ ಬಾಸ್ಟನ್ ನಗರದಲ್ಲಿ ವೈದ್ಯವೃತ್ತಿಯನ್ನು ನಡೆಸಿದ ವ್ಯಾನ್ ಡರ್ ಕೋಲ್ಕ್ ಅವರು ೧೯೯೬ರ ಒಂದು ಸಂಶೋಧನೆಯಲ್ಲಿ ಪಾಲುಗೊಂಡಿದ್ದರು. ರೋಗಿಗಳು ತಮ್ಮ ದುರಂತದ ವೃತ್ತಾಂತವನ್ನು ಕೇಳುತ್ತಿರುವಾಗ ಮೆದುಳಿನ ಚಿತ್ರಗಳನ್ನು ತೆಗೆದುದರಲ್ಲಿ, ಮಾತಿಗೆ ಸಂಬಂಧಿಸಿದ ಬ್ರೋಕಾ ಪ್ರದೇಶದ ಚಟುವಟಿಕೆಯು ಕುಗ್ಗಿದುದು ಕಂಡುಬಂದಿತು. ಪರೀಕ್ಷಿತರಾದವರು ೮ ಮಂದಿ ಮಾತ್ರ. ಆದರೂ, ನೊಂದವನನ್ನು ‘ಮಾತನಾಡು, ಮಾತನಾಡು’ ಎಂದು ಒತ್ತಾಯಿಸುವುದು ಸರಿಯಲ್ಲವೆಂಬ ಅವರ ಎಚ್ಚರಿಕೆಗೆ ಇದು ಒಂದು ಆಧಾರವಾಯಿತು.

ಭಯವು ಮೈಯಲ್ಲಿ ತೋರುವ ಬಗೆಗಳು ನಮ್ಮ ನಾಟ್ಯಶಾಸ್ತ್ರಕ್ಕೆ ಅಪರಿಚಿತವಲ್ಲ. ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ವೇಪಥು, ವೈವರ್ಣ್ಯ, ಅಶ್ರು, ಪ್ರಲಯ ಎಂಬ ಎಂಟು ಸಾತ್ತ್ವಿಕಭಾವಗಳನ್ನು ಭರತನು ಎಣಿಸಿದ್ದಾನೆ. ಮೈಯರ್ಸ್ ಅವರ ಸೈನಿಕರಲ್ಲಿ ಇವುಗಳ ಪೈಕಿ ಹಲವನ್ನು ಕಾಣಬಹುದು. ಆದರೆ ಭರತನು ಹೇಳುವ ಇನ್ನೊಂದು ಅಂಶವು ಪ್ರಕೃತ ವಿಮರ್ಶೆಗೆ ಹೆಚ್ಚು ಮುಖ್ಯವಾದುದು. ನಡುಕವು ಭಯದಿಂದ ಹುಟ್ಟೀತು, ಚಳಿಯಿಂದ ಹುಟ್ಟೀತು, ಕೋಪದಿಂದಲೂ ಹರ್ಷದಿಂದಲೂ ಹುಟ್ಟೀತು. ಕಣ್ಣೀರು ಶೋಕದ ಗುರುತಾಗಬಹುದು, ಆನಂದದ ಗುರುತೂ ಆಗಬಹುದು; ಹೊಗೆಯಿಂದಲೂ ಬರಬಹುದು. ಆದುದರಿಂದ ವಿಭಾವವು ತಿಳಿಯದೆ ಸಾತ್ತ್ವಿಕಭಾವ ಮಾತ್ರದಿಂದ ಸ್ಥಾಯಿಯನ್ನು ನಿಶ್ಚಯಿಸಲಾಗದು.

ಇಲ್ಲಿಂದ ‘ಲೆಕ್ಕ’ದ ರೂಪಕವನ್ನು ಪರೀಕ್ಷಿಸೋಣ. ೧೯೧೧ರಲ್ಲಿ ಜಿನೀವಾ ನಗರದ ಎಡ್ವಾರ್ ಕ್ಲಾಪರೇಡ್ ಎಂಬ ವೈದ್ಯರು ಒಂದು ಪ್ರಸಂಗವನ್ನು ವರದಿಮಾಡಿದರು. ಅವರ ರೋಗಿಯಾದ ಒಬ್ಬ ಹೆಂಗಸು, ಮೆದುಳಿನ ವ್ಯಾಧಿಯ ದೆಸೆಯಿಂದ, ಹೊಸದಾಗಿ ನಡೆದ ಯಾವುದನ್ನೂ ನೆನಪಿನಲ್ಲಿಡಲಾರಳು. ವೈದ್ಯರು ಒಮ್ಮೆ ತಮ್ಮ ಬೆರಳುಗಳ ನಡುವೆ ಗುಂಡುಸೂಜಿಯನ್ನು ಅಡಗಿಸಿಟ್ಟುಕೊಂಡು ಆಕೆಯ ಕೈಯನ್ನು ಹಿಡಿದರು. ಚುಚ್ಚಿದ ಸಂಗತಿಯನ್ನು ಆಕೆ ಬೇಗನೆ ಮರೆತಳು. ಆದರೆ ವೈದ್ಯರು ಮತ್ತೆ ಕೈನೀಡಿದಾಗ ಥಟ್ಟನೆ ತನ್ನ ಕೈಯನ್ನು ಹಿಂದೆಗೆದುಕೊಂಡಳು. ಕಾರಣವನ್ನು ಕೇಳಿದರೆ, ಕೆಲವರು ಕೈಯಲ್ಲಿ ಸೂಜಿಯನ್ನು ಅಡಗಿಸಿಡುವುದುಂಟಲ್ಲವೆ ಎಂಬರ್ಥದ ಮಾತನ್ನಾಡಿದಳೇ ಹೊರತು, ತನಗೆ ಹಾಗಾಯಿತೆಂದು ಹೇಳಲಿಲ್ಲ.

ಆಕೆಯದು ಮೆದುಳಿನ ವ್ಯಾಧಿ, ಮನೋವ್ರಣವಲ್ಲ. ಈ ಅಂತರವನ್ನು ಮರೆಯಕೂಡದು. ಆದರೂ ಈ ಪ್ರಸಂಗವು ವ್ಯಾನ್ ಡರ್ ಕೋಲ್ಕ್ ಅವರ ಪಕ್ಷವನ್ನು ಒಂದು ಕಡೆಯಿಂದ ಪುಷ್ಟಿಗೊಳಿಸುತ್ತದೆ, ಇನ್ನೊಂದು ಕಡೆಯಿಂದ ಕಟ್ಟಿಹಾಕುತ್ತದೆ. ಕಥೆಯು ಅಳಿದರೂ ಮೈಯ ಕಲಿಕೆಯು ಉಳಿಯಬಲ್ಲುದು ಎಂಬುದು ಇದರಿಂದ ಸಿದ್ಧವಾಗುತ್ತದೆ. ಆದರೆ ಹಿಂದೆಗೆದ ಆ ಕೈಯನ್ನು ಮಾತ್ರ ಕಂಡವನು, ಚುಚ್ಚಿದವರು ಯಾರು, ಎಂದು, ಯಾತರಿಂದ, ಏತಕ್ಕಾಗಿ ಎಂಬುದನ್ನು ಎಷ್ಟುಮಾತ್ರಕ್ಕೂ ತಿಳಿಯಲಾರನು. ಲೆಕ್ಕದ ಪುಸ್ತಕದಲ್ಲಾದರೋ ತಾರೀಖು, ಬಾಬು, ಹೆಸರು, ಮೊಬಲಗು ಇರುತ್ತವೆ. ದೇಹದಲ್ಲಿ ಉಳಿಯುವುದು ಅಪಾಯವನ್ನು ಎದುರುನೋಡುವ ಅಭ್ಯಾಸವೊಂದೇ. ‘ಲೆಕ್ಕ’ವೆಂಬ ಮಾತನ್ನು ಈ ಅರ್ಥದಲ್ಲಿ ತಿಳಿದರೆ ಗ್ರಂಥದ ಹೆಸರು ಉಚಿತವಾಗಿದೆ, ಅಕ್ಷರಶಃ ತಿಳಿದರೆ ತಪ್ಪುದಾರಿಯನ್ನು ತೋರಿಸುತ್ತದೆ.

೫

ಇನ್ನು ಫಲದ ವಿಚಾರ. ೨೦೧೪ರಲ್ಲಿ ವ್ಯಾನ್ ಡರ್ ಕೋಲ್ಕ್ ಮತ್ತು ಸಹೋದ್ಯೋಗಿಗಳು, ಇತರ ಚಿಕಿತ್ಸೆಗಳಿಂದ ವಾಸಿಯಾಗದಿದ್ದ ೬೪ ಮಂದಿ ಸ್ತ್ರೀಯರನ್ನು ಎರಡು ಗುಂಪುಮಾಡಿ, ೧೦ ವಾರಗಳ ಕಾಲ ಒಂದಕ್ಕೆ ಯೋಗವನ್ನೂ ಇನ್ನೊಂದಕ್ಕೆ ಆರೋಗ್ಯವಿಷಯಕ ಬೋಧನೆಯನ್ನೂ ಏರ್ಪಡಿಸಿದರು. ಕೊನೆಯಲ್ಲಿ ಯೋಗದ ಗುಂಪಿನ ೧೦೦ಕ್ಕೆ ೫೨ ಮಂದಿಗೂ ಬೋಧನೆಯ ಗುಂಪಿನ ೧೦೦ಕ್ಕೆ ೨೧ ಮಂದಿಗೂ ವ್ಯಾಧಿಯ ಲಕ್ಷಣಗಳು ನಿರ್ಣಯದ ಮಟ್ಟಕ್ಕಿಂತ ಕೆಳಗಿಳಿದಿದ್ದುವು. ಲೆವಿನ್ ಅವರ ಪದ್ಧತಿಯನ್ನು ಇಸ್ರೇಲಿನಲ್ಲಿ ೬೩ ಮಂದಿಯ ಮೇಲೆ ಪರೀಕ್ಷಿಸಿ, ಚಿಕಿತ್ಸೆಗಾಗಿ ಕಾದಿದ್ದವರೊಡನೆ ಹೋಲಿಸಿ, ಹಿತಕರವಾದ ಫಲವನ್ನು ೨೦೧೭ರಲ್ಲಿ ವರದಿಮಾಡಿದರು. ಷ್ವಾರ್ಟ್ಸ್ ಅವರ ಪದ್ಧತಿಯ ವಿಷಯದಲ್ಲಿ, ೨೦೧೩ರಲ್ಲಿ ಪ್ರಕಟವಾದ ಪರೀಕ್ಷೆಯು ೭೯ ಮಂದಿ ಸಂಧಿವಾತರೋಗಿಗಳನ್ನು ಕುರಿತದ್ದು. ಮನೋವ್ರಣವನ್ನೇ ಕುರಿತು ೨೦೨೨ರಲ್ಲಿ ಪ್ರಕಟವಾದುದರಲ್ಲಿ ಇದ್ದವರು ೧೭ ಮಂದಿ. ಅವರಲ್ಲಿ ಹೆಚ್ಚಿನವರಿಗೆ ಗುಣ ಕಂಡಿತಾದರೂ ಹೋಲಿಸಿ ನೋಡಲು ಬೇರೆ ಗುಂಪು ಇರಲಿಲ್ಲ. ಅಮೆರಿಕದ ಸೈನಿಕ ಇಲಾಖೆಗಳು ೨೦೨೩ರಲ್ಲಿ ಹೊರಡಿಸಿದ ಮಾರ್ಗಸೂಚಿಯು ಅಗ್ರಸ್ಥಾನವನ್ನು ಕೊಟ್ಟಿರುವುದು ಬೇರೆ ಮೂರು ಪದ್ಧತಿಗಳಿಗೆ: ಭಯದ ಸ್ಮೃತಿಯನ್ನು ಕ್ರಮವಾಗಿ ಎದುರಿಸುವುದು, ವ್ರಣದಿಂದ ಹುಟ್ಟಿದ ನಂಬಿಕೆಗಳನ್ನು ಶೋಧಿಸುವುದು, ಕಣ್ಣುಗಳ ಚಲನೆಯೊಡನೆ ಸ್ಮೃತಿಯನ್ನು ಸಂಸ್ಕರಿಸುವುದು. ಆದರೆ ಅದೇ ವರ್ಷ ಅಮೆರಿಕದ ನಿವೃತ್ತ ಸೇನಾಸ್ತ್ರೀಯರನ್ನು ಕುರಿತು ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ಯೋಗವು ಇವುಗಳಲ್ಲಿ ಎರಡನೆಯದಕ್ಕೆ ಸಮವಾದ ಫಲವನ್ನು ಕೊಟ್ಟಿತಲ್ಲದೆ, ಅದನ್ನು ಕೊನೆಯವರೆಗೂ ನಡೆಸಿದವರು ಹೆಚ್ಚಾಗಿದ್ದರು. ಒಟ್ಟಿನಲ್ಲಿ, ದೇಹವನ್ನು ಆಶ್ರಯಿಸಿದ ಪದ್ಧತಿಗಳಿಗೆ ಆಶಾದಾಯಕವಾದ ಸಾಕ್ಷ್ಯವುಂಟು. ಪಾಲುಗಳ ಪದ್ಧತಿಗೆ ಸಾಕ್ಷ್ಯವು ಅದರ ಪ್ರಚಾರಕ್ಕಿಂತ ಬಹಳ ಕಡಿಮೆ.

ಇಲ್ಲಿ ‘ಯೋಗ’ವೆಂದರೆ ಯಾವ ಯೋಗವೆಂಬುದನ್ನು ಕನ್ನಡ ವಾಚಕರು ಕೇಳತಕ್ಕದ್ದೇ. ಇಂದು ಪ್ರಪಂಚದಲ್ಲೆಲ್ಲ ಹಬ್ಬಿರುವ ಆಸನಾಭ್ಯಾಸದ ಒಂದು ಮುಖ್ಯ ಮೂಲವು ಮೈಸೂರಿನಲ್ಲಿದೆ. ಅರಮನೆಯ ಆಶ್ರಯದಲ್ಲಿ ಯೋಗಶಾಲೆಯನ್ನು ನಡೆಸಿದ ಟಿ. ಕೃಷ್ಣಮಾಚಾರ್ಯರ ‘ಯೋಗ ಮಕರಂದ’ (೧೯೩೪), ‘ಯೋಗಾಸನಗಳು’ (೧೯೪೧) ಎಂಬ ಗ್ರಂಥಗಳು ಕನ್ನಡದಲ್ಲಿಯೇ ಬರೆಯಲ್ಪಟ್ಟವು. ಅಲ್ಲಿ ಗುರುವಿನ ಆಜ್ಞೆಯೇ ಪ್ರಮಾಣ. ಬಾಸ್ಟನ್ನಿನಲ್ಲಿ ಮನೋವ್ರಣಿತರಿಗಾಗಿ ರೂಪಿಸಿದ ಯೋಗದಲ್ಲಾದರೋ ಆಜ್ಞೆಯನ್ನು ಬುದ್ಧಿಪೂರ್ವಕವಾಗಿ ತೆಗೆದುಹಾಕಲಾಗಿದೆ. ಬೋಧಕರು ಮೈಯನ್ನು ಮುಟ್ಟಿ ತಿದ್ದುವುದಿಲ್ಲ. ‘ಇಷ್ಟವಿದ್ದರೆ ಕೈಯನ್ನು ಎತ್ತಬಹುದು, ಬೇಡವೆನಿಸಿದರೆ ಬಿಡಬಹುದು’ ಎಂಬ ರೀತಿಯಲ್ಲಿ ಹೇಳುತ್ತಾರೆ. ಹೀಗಿರಲು ಇಲ್ಲಿಯ ಗುಣಕ್ಕೆ ಆಸನವೊಂದೇ ಕಾರಣವೆಂದು ಹೇಳಲಾಗದು. ಬೇಡವೆನ್ನುವ ಸ್ವಾತಂತ್ರ್ಯವೂ ಕಾರಣವಾಗಿರಬೇಕು.

ಷ್ವಾರ್ಟ್ಸ್ ಅವರು ಪ್ರತಿಯೊಂದು ಪಾಲಿನ ಒಪ್ಪಿಗೆಯನ್ನು ಕೇಳುವುದೂ, ಲೆವಿನ್ ಅವರು ಹನಿಹನಿಯಾಗಿ ನಡೆಯುವುದೂ ಇದೇ ಜಾತಿಯವು. ಮನೋವ್ರಣವನ್ನುಂಟುಮಾಡಿದ ಘಟನೆಯಲ್ಲಿ ನೊಂದವನ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ. ತಪ್ಪಿಸಿಕೊಳ್ಳುವ ದಾರಿಯೂ ಇರಲಿಲ್ಲ. ಚಿಕಿತ್ಸೆಯು ಅದಕ್ಕೆ ವಿರುದ್ಧವಾದ ಅನುಭವವನ್ನು ಕೊಡಬೇಕು. ನೊಂದವರಿಗೆ ಅವರ ಸ್ವಾಧೀನತೆಯನ್ನು ಮರಳಿ ಕೊಡುವುದೇ ಗುಣಪಡಿಸುವುದರ ಮೊದಲನೆಯ ಸೂತ್ರವೆಂದು ಜೂಡಿತ್ ಹರ್ಮನ್ ಅವರು ೧೯೯೨ರ ತಮ್ಮ ಗ್ರಂಥದಲ್ಲಿಯೇ ಹೇಳಿದ್ದರು. ಮೇಲಿನ ಪದ್ಧತಿಗಳ ಸತ್ತ್ವವು ಇಲ್ಲಿದೆಯೆಂದು ನಮ್ಮ ಅಭಿಪ್ರಾಯ. ಕುಟುಂಬ, ಲೆಕ್ಕ, ಹುಲಿ ಎಂಬ ರೂಪಕಗಳು ಈ ಸತ್ತ್ವವನ್ನು ಹೊತ್ತು ತರುವ ಪಾತ್ರೆಗಳು.

೬

ಇಲ್ಲಿ ಒಂದು ಆಕ್ಷೇಪವು ಬರಬಹುದು: ರೋಗಿಗೆ ಗುಣವಾಗುವುದಾದರೆ, ರೂಪಕವನ್ನು ನಿಜವೆಂದೇ ನಂಬಿದರೆ ಕೆಡುವುದೇನು? ಇದಕ್ಕೆ ಸಮಾಧಾನವನ್ನು ಈಚಿನ ಚರಿತ್ರೆಯೇ ಹೇಳುತ್ತದೆ. ೧೯೮೦ ಮತ್ತು ೧೯೯೦ರ ದಶಕಗಳಲ್ಲಿ ಅಮೆರಿಕದ ಕೆಲವರು ಚಿಕಿತ್ಸಕರು, ರೋಗಿಯ ಮೈಯ ನೋವು, ನಡುಕ, ಕನಸುಗಳನ್ನೇ ಸಾಕ್ಷಿಯಾಗಿ ಹಿಡಿದು, ಆಕೆಗೆ ನೆನಪೇ ಇಲ್ಲದ ದುಷ್ಕೃತ್ಯಗಳನ್ನು ‘ಹೊರತೆಗೆದರು’. ಕೆಲವರ ಒಳಗೆ ಹತ್ತಾರು ವ್ಯಕ್ತಿಗಳು ಕಾಣಿಸಿಕೊಂಡರು. ಸಂಸಾರಗಳು ಒಡೆದವು, ವ್ಯಾಜ್ಯಗಳು ನ್ಯಾಯಾಲಯಗಳನ್ನು ಹತ್ತಿದವು. ಎಲಿಜಬೆತ್ ಲಾಫ್ಟಸ್ ಅವರು ೧೯೯೫ರ ಪ್ರಸಿದ್ಧ ಪ್ರಯೋಗದಲ್ಲಿ, ಬಾಲ್ಯದಲ್ಲಿ ಅಂಗಡಿಸಾಲಿನಲ್ಲಿ ತಪ್ಪಿಹೋಗಿದ್ದಿರೆಂಬ ಸುಳ್ಳು ಸಂಗತಿಯನ್ನು ೨೪ ಮಂದಿಗೆ ಸೂಚಿಸಿದಾಗ, ಸುಮಾರು ಕಾಲುಭಾಗದವರು ಅದನ್ನು ಪೂರ್ಣವಾಗಿಯೋ ಅಲ್ಪಸ್ವಲ್ಪವಾಗಿಯೋ ‘ನೆನಪಿಸಿಕೊಂಡರು’. ಭಯಂಕರವಾದುದನ್ನು ಮನುಷ್ಯರು ಸಾಮಾನ್ಯವಾಗಿ ಮರೆಯುವುದಿಲ್ಲ, ಮರೆಯಬೇಕೆಂದರೂ ಮರೆಯಲಾರರು ಎಂದು ರಿಚರ್ಡ್ ಮ್ಯಾಕ್‌ನಲಿ ಅವರು ೨೦೦೩ರ ಗ್ರಂಥದಲ್ಲಿ ಸಾಧಿಸಿದ್ದಾರೆ.

ಈ ಚರಿತ್ರೆಯು ನಿಜವಾಗಿ ಹಿಂಸೆಗೆ ಒಳಗಾದವರ ಮಾತನ್ನು ಅಲ್ಲಗಳೆಯುವ ಆಯುಧವಾಗಕೂಡದು. ಅಂತಹವರ ಸಂಖ್ಯೆಯೇ ದೊಡ್ಡದು, ಅವರಿಗೆ ದೊರೆತ ನ್ಯಾಯವೇ ಅಲ್ಪ. ಆದರೆ ಅವರ ಹಿತಕ್ಕಾಗಿಯೇ ಎಚ್ಚರವು ಬೇಕು. ಮೈಯು ಇಂತಹುದನ್ನು ಹೇಳುತ್ತಿದೆಯೆಂದು ಚಿಕಿತ್ಸಕನು ನಿರ್ಣಯಿಸಿದೊಡನೆ, ರೋಗಿಯ ಬಾಳಿನ ಕಥೆಗೆ ರೋಗಿಯು ಒಡೆಯಳಲ್ಲ, ಚಿಕಿತ್ಸಕನು ಒಡೆಯನಾಗುತ್ತಾನೆ. ಯಾವ ಸ್ವಾಧೀನತೆಯನ್ನು ಮರಳಿ ಕೊಡಬೇಕಾಗಿತ್ತೋ ಅದನ್ನೇ ಕಸಿದುಕೊಂಡಂತಾಗುತ್ತದೆ. ಈ ದೃಷ್ಟಿಯಿಂದ ನೋಡಿದರೆ, ಷ್ವಾರ್ಟ್ಸ್ ಅವರು ೨೦೨೧ರ ‘ನೋ ಬ್ಯಾಡ್ ಪಾರ್ಟ್ಸ್’ ಎಂಬ ಗ್ರಂಥದಲ್ಲಿ, ಪಾಲುಗಳು ರೂಪಕಗಳಲ್ಲ, ಒಳಗೆ ನಿಜವಾಗಿ ಇರುವ ಜೀವಿಗಳು ಎಂಬ ಪಕ್ಷವನ್ನು ಹಿಡಿದಿರುವುದು ಅವರ ಪದ್ಧತಿಗೆ ಬಲವನ್ನು ತರಲಿಲ್ಲವೆಂದು ಹೇಳಬೇಕಾಗಿದೆ.

೭

ಈ ವಿಚಾರಗಳು ಕನ್ನಡಕ್ಕೆ ಬರುವಾಗ ಎರಡು ತೊಡಕುಗಳುಂಟು. ‘ಇದೆಲ್ಲ ನಮ್ಮಲ್ಲಿ ಮೊದಲೇ ಇದ್ದಿತು’ ಎಂಬ ಆತುರದ ಸಮೀಕರಣವು ಮೊದಲನೆಯದು. ಷ್ವಾರ್ಟ್ಸ್ ಅವರ ‘ಸ್ವ’ವನ್ನು ವೇದಾಂತದ ಸಾಕ್ಷಿಯೊಡನೆ ಒಂದುಮಾಡುವ ಆಸೆಯು ಸಹಜವೇ. ಆದರೆ ಅದ್ವೈತದ ಸಾಕ್ಷಿಯು ಅಕರ್ತೃ. ಅದು ಸಂತೈಸುವುದಿಲ್ಲ, ಸಂಧಾನ ಮಾಡುವುದಿಲ್ಲ, ಮನೆಯನ್ನು ನಡೆಸುವುದಿಲ್ಲ. ಷ್ವಾರ್ಟ್ಸ್ ಅವರ ಸ್ವವು ಇವೆಲ್ಲವನ್ನೂ ಮಾಡತಕ್ಕ ಒಬ್ಬ ದಯಾವಂತ ಯಜಮಾನ. ಇವೆರಡನ್ನೂ ಬೆರಸಿದರೆ ವೇದಾಂತಕ್ಕೂ ವೈದ್ಯಕ್ಕೂ ನ್ಯಾಯ ದೊರೆಯದು.

ಎರಡನೆಯ ತೊಡಕು ಪರಿಭಾಷೆಯದು. ಪಾಲನ್ನು ‘ಒಳಗಿನ ವ್ಯಕ್ತಿ’ ಎಂದು ಅನುವಾದಿಸಿದರೆ, ನಮ್ಮ ಹಳ್ಳಿಯ ರೋಗಿಗೂ ಆತನ ಮನೆಯವರಿಗೂ ಮೈಮೇಲೆ ಬರುವುದು, ಗಾಳಿ ಹಿಡಿಯುವುದು ನೆನಪಾಗದಿರದು. ರೂಪಕವು ಮೊದಲ ದಿನವೇ ಭ್ರಾಂತಿಯಾಗುತ್ತದೆ. ಅದೃಷ್ಟವಶಾತ್ ಕನ್ನಡದ ಆಡುಮಾತಿನಲ್ಲಿಯೇ ಇದಕ್ಕೆ ತಕ್ಕ ಮಾತಿದೆ. ‘ಒಂದು ಮನಸ್ಸು ಹೋಗೆನ್ನುತ್ತದೆ, ಇನ್ನೊಂದು ಮನಸ್ಸು ಬೇಡವೆನ್ನುತ್ತದೆ’ ಎಂದು ನಾವು ದಿನವೂ ಆಡುವೆವು; ಹಾಗೆ ಆಡಿದವನಿಗೆ ಇಬ್ಬರು ಆತ್ಮರಿದ್ದಾರೆಂದು ಯಾರೂ ಭಾವಿಸುವುದಿಲ್ಲ. ‘ಒಂದು ಮನಸ್ಸು’ ಎಂಬ ಮಾತಿನಲ್ಲಿ ರೂಪಕವು ರೂಪಕವಾಗಿಯೇ ಉಳಿಯುತ್ತದೆ. ಮೈಯ ವಿಷಯದಲ್ಲಿಯೂ ಹೀಗೆಯೇ. ಎದೆ ಧಸಕ್ಕೆನ್ನುವುದು, ನಾಲಗೆ ಒಣಗುವುದು, ಕೈಕಾಲು ತಣ್ಣಗಾಗುವುದು, ಜಂಘಾಬಲ ಉಡುಗುವುದು, ಹೊಟ್ಟೆಯಲ್ಲಿ ಸಂಕಟವಾಗುವುದು: ಈ ಮಾತುಗಳು ಮೈಯಲ್ಲಿ ಆದುದನ್ನು ಮಾತ್ರ ಹೇಳುತ್ತವೆ, ಏಕೆ ಆಯಿತೆಂಬುದನ್ನು ಹೇಳುವವನಿಗೆ ಬಿಡುತ್ತವೆ. ಇಂಗ್ಲಿಷ್ ಪದಗಳಿಗೆ ಹೊಸ ಸಂಸ್ಕೃತ ಪದಗಳನ್ನು ಟಂಕಿಸುವುದಕ್ಕೆ ಮುಂಚೆ, ರೋಗಿಯ ಬಾಯಲ್ಲಿರುವ ಈ ಮಾತುಗಳನ್ನು ಜಿಲ್ಲೆ ಜಿಲ್ಲೆಯಲ್ಲಿಯೂ ಕೂಡಿಹಾಕುವುದು ಮೇಲು. ‘ಮನೋವ್ರಣ’ವೆಂಬ ನಮ್ಮ ಪದವೂ ವಿದ್ವಾಂಸರ ವ್ಯವಹಾರಕ್ಕೆ ಮಾತ್ರ ತಕ್ಕದ್ದು, ರೋಗಿಯ ಮುಂದೆ ಆಡತಕ್ಕದ್ದಲ್ಲ.

ಒಟ್ಟಿನಲ್ಲಿ, ಈ ಗ್ರಂಥಗಳನ್ನು ಕನ್ನಡ ವೈದ್ಯರೂ ಅನುವಾದಕರೂ ಓದಬೇಕು. ನೊಂದವರನ್ನು ನಿಂದಿಸದೆ, ಅವಸರಪಡಿಸದೆ, ಅವರ ಒಪ್ಪಿಗೆಯಿಂದ ನಡೆಯುವ ಕ್ರಮವನ್ನು ಅವುಗಳಿಂದ ಕಲಿಯಬೇಕು. ನಡೆದುಹೋದುದನ್ನು ಕುರಿತು ಮೈ ಸಾಕ್ಷಿ ಹೇಳುತ್ತದೆಂಬಲ್ಲಿ ಮಾತ್ರ ಅವುಗಳನ್ನು ಅನುಸರಿಸಕೂಡದು. ರೋಗಿಯು ನಡುಗುವಾಗ ಚಿಕಿತ್ಸಕನು ಕೇಳತಕ್ಕ ಪ್ರಶ್ನೆಯು ‘ಈಗ ನಿಮಗೆ ಏನು ಬೇಕು, ಮುಂದುವರಿಯಬಹುದೆ?’ ಎಂಬುದು. ‘ಅಂದು ಏನಾಯಿತು?’ ಎಂಬುದಕ್ಕೆ ಉತ್ತರವನ್ನು, ರೋಗಿಯು ಹೇಳಬೇಕೆನಿಸಿದಾಗ, ರೋಗಿಯ ಬಾಯಿಂದಲೇ ಕೇಳಬೇಕು.